ಹೊಳೆ ಬದಿಯ ಕಾಲುದಾರಿ ಮೂರು ಮಳೆಗಾಲ ತಡೆದುಕೊಂಡಿತು: ನನ್ನ ಅನುಭವ

"ಹೊಳೆ ಕಡೆಗೆ ವಾಟ ಕೊಟ್ಟು ದಾರಿ ಮಾಡ್ತಾನಂತೆ, ಬಂದವರನ್ನೆಲ್ಲ ಸೀದಾ ಗೊರೂರು ಡ್ಯಾಮಿಗೆ ಕಳಿಸ್ತಾನೆ." ನಮ್ಮ ಚಿಕ್ಕಪ್ಪ ಊರ ಮದುವೆಯಲ್ಲಿ ಊಟದ ಪಂಕ್ತಿಯಲ್ಲೇ ನನ್ನ ಬಗ್ಗೆ ಹೀಗಂದಿದ್ದರು. ವಾಟ ಅಂದ್ರೆ ನೀರು ಹರಿದು ಹೋಗಲು ಕೊಡುವ ಇಳಿಜಾರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ದಾರಿ ಈಗ ಮೂರು ಮಳೆಗಾಲ ಕಂಡು ಇದ್ದಲ್ಲೇ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ತೋಟ ಸಕಲೇಶಪುರ ತಾಲ್ಲೂಕಿನಲ್ಲಿ, ಹೇಮಾವತಿ ಹೊಳೆಗೆ ಇಳಿಯುವ ಗುಡ್ಡದಲ್ಲಿ. ಗೊರೂರು ಡ್ಯಾಮ್ ಇರುವುದು ಇದೇ ಹೊಳೆಗೆ, ಕೆಳಗಡೆ. ಹೊಳೆ ಪಕ್ಕದಲ್ಲೇ ಸುಮಾರು 60 ಅಡಿ ಎತ್ತರದ ಕಡಿದಾದ ಬಂಡೆ. ಹೋಂಸ್ಟೇಗೆ ಬಂದವರೆಲ್ಲ ಮೊದಲು ಕೇಳುತ್ತಿದ್ದುದು ಸಕಲೇಶಪುರ–ಸುಬ್ರಹ್ಮಣ್ಯ ರೈಲು ಹಳಿ ಮೇಲೆ ನಡೆಯೋಕೆ ಬಿಡ್ತಾರಾ ಅಂತ. ಅದು ನಿಷೇಧ ಆಗಿ ವರ್ಷಗಳಾದವು. ಹಾಗಿದ್ರೆ ನಮ್ಮಲ್ಲೇ ಒಂದು ದಾರಿ ಯಾಕಿರಬಾರದು ಅನ್ನಿಸಿತು. ಮನೆಯಿಂದ ಹೊಳೆ, ಹೊಳೆಯಿಂದ ಬಂಡೆಯ ತಲೆ, ಅಲ್ಲಿಂದ ಮನೆ. ಒಂದು ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ.

2018ರ ಬೇಸಿಗೆಯಲ್ಲಿ ಜೆಸಿಬಿ ತರಿಸಿ 6 ಅಡಿ ಅಗಲ ಕಡಿಸಿದೆ. ಎರಡೂವರೆ ದಿನದಲ್ಲಿ ದಾರಿ ರೆಡಿ, ನನಗೆ ಹೆಮ್ಮೆಯೋ ಹೆಮ್ಮೆ. ಆ ಆಗಸ್ಟ್ ಗೊತ್ತಲ್ಲ, ಶಿರಾಡಿ ಘಾಟಿಯಲ್ಲಿ ಗುಡ್ಡ ಜಾರಿ ರಸ್ತೆ ಮುಚ್ಚಿದ ವರ್ಷ. ನೆಟ್ಟಗೆ ಕಡಿದಿದ್ದ ಧರೆ, ಅಂದ್ರೆ ದಾರಿ ಪಕ್ಕದ ಮಣ್ಣಿನ ಗೋಡೆ, ಒಂದೇ ರಾತ್ರಿಯಲ್ಲಿ ಕುಸಿದು ಕೂತಿತು, ಕೆಳಗಿದ್ದ ನಲವತ್ತು ಚಿಲ್ಲರೆ ಕಾಫಿ ಗಿಡ ಮಣ್ಣಿನಡಿ ಹೋದವು. ಕಡಿಸಿದ್ದು, ಆಮೇಲೆ ಮಣ್ಣು ತೆಗೆಸಿದ್ದು ಎಲ್ಲ ಸೇರಿ ಒಂದೂಕಾಲು ಲಕ್ಷದ ಹತ್ತಿರ. ಡ್ರೈವರ್ ತಪ್ಪಲ್ಲ, ಅಷ್ಟು ಅಗಲ ಬೇಕು ಅಂದಿದ್ದು ನಾನೇ.

ಮಾರನೇ ವರ್ಷ ಸಿಮೆಂಟ್ ಮೆಟ್ಟಿಲು, ಸುಮಾರು 70. ನೀರು ಮೆಟ್ಟಿಲ ಮೇಲೆ ಹರಿಯಲೇ ಇಲ್ಲ. ಪಕ್ಕದಲ್ಲಿ ತನ್ನದೇ ದಾರಿ ಕೊರೆದುಕೊಂಡು ಮೆಟ್ಟಿಲ ಬುಡದ ಮಣ್ಣು ತಿಂದು ಹೋಯಿತು. ಗಣೇಶನ ಹಬ್ಬದ ಹೊತ್ತಿಗೆ ಮುದುಕರ ಹಲ್ಲಿನ ಹಾಗೆ ಅಲ್ಲೊಂದು ಇಲ್ಲೊಂದು ಅಲುಗಾಡುತ್ತಿದ್ದವು. ಇನ್ನೊಂದು 80 ಸಾವಿರ. ಆಮೇಲೆ ಅಡಿಕೆ ಮರ ಸೀಳಿದ ದಬ್ಬೆ ಹಾಕಿ ನೋಡಿದೆ, ಅದು ಗೆದ್ದಲಿಗೆ ಒಂದು ವರ್ಷದ ಊಟ.

ಪರಿಹಾರ ಸಿಕ್ಕಿದ್ದು ಸುಮ್ನೆ ನಿಂತು ನೋಡಿದ್ದರಿಂದ. ಒಂದು ಪುಷ್ಯ ಮಳೆಯಲ್ಲಿ ಕೊಡೆ ಹಿಡಿದು ಹಾಳಾದ ದಾರಿಯ ತಿರುವಿನಲ್ಲಿ ಅರ್ಧ ಗಂಟೆ ನಿಂತೆ. ಮೇಲಿಂದ ಸಿಲ್ವರ್ ಓಕ್ ಎಲೆಯೊಂದು ನೀರಲ್ಲಿ ತೇಲಿ ಬಂತು. ದಾರಿಗೆ ಇಳಿದದ್ದು ಅಡ್ಡ ದಾಟಿ ಕೆಳಗೆ ಹೋಗಲಿಲ್ಲ. ದಾರಿ ಹಿಡಿದು ನನ್ನ ಹಾಗೇ ನಡೆದುಕೊಂಡು ಹೋಯಿತು, ಕಣ್ಣಿಗೆ ಕಾಣುವಷ್ಟು ದೂರ. ನಾನು ಮಾಡಿದ್ದು ಮನುಷ್ಯರಿಗೆ ದಾರಿಯಲ್ಲ, ನೀರಿಗೆ ಕಾಲುವೆ.

ಎಲ್ಲರೂ ಹೇಳಿದ್ದು ಗುಡ್ಡದ ಕಡೆ ಚರಂಡಿ ಹೊಡಿ, ಒಳಕ್ಕೆ ವಾಟ ಕೊಡು ಅಂತ. ಆ ಚರಂಡಿ ಆರಿದ್ರಾ ಮಳೆಗೇ ತರಗೆಲೆಯಿಂದ ಕಟ್ಟಿಕೊಳ್ಳುತ್ತೆ, ದಿನಾ ಅದನ್ನು ಬಿಡಿಸೋರು ಯಾರು? ನಾನು ಉಲ್ಟಾ ಮಾಡಿದೆ. 3 ಅಡಿ ಅಗಲದ ದಾರಿ, ಹೊರ ಅಂಚು ಒಳ ಅಂಚಿಗಿಂತ 2 ಇಂಚು ಕೆಳಗೆ. ನಡೆಯುವವರಿಗೆ ಗೊತ್ತೇ ಆಗಲ್ಲ, ನೀರಿಗೆ ಗೊತ್ತಾಗುತ್ತೆ. ಅದರ ಜೊತೆ ಪ್ರತಿ 25–30 ಹೆಜ್ಜೆಗೆ ದಾರಿಯನ್ನೇ ಸ್ವಲ್ಪ ಇಳಿಸಿ ಮತ್ತೆ ಏರಿಸಿದೆ. ಹೊರ ಅಂಚು ತಪ್ಪಿಸಿಕೊಂಡ ನೀರು ಆ ತಗ್ಗಿನಲ್ಲಿ ಹೊರಗೆ ಬೀಳಲೇಬೇಕು. ಏರು ನೂರು ಅಡಿಗೆ ಹತ್ತು ಅಡಿ ದಾಟಿಸಲಿಲ್ಲ, ಗುಡ್ಡದ ಇಳಿಜಾರಿನ ಅರ್ಧಕ್ಕಿಂತಲೂ ಜಾಸ್ತಿ ಮಾಡಲಿಲ್ಲ. ಈ ಎರಡನೇದನ್ನು ಮರೆತರೆ ಸಪಾಟು ಜಾಗದಲ್ಲೇ ನೀರು ದಾರಿ ಕೊರೆಯುತ್ತೆ, ನನಗೆ ಒಂದು ಕಡೆ ಆಗಿದೆ.

ಏರು ಅಳೆಯಲು ಮೊದಲು ಮೊಬೈಲ್ ಆ್ಯಪ್ ನಂಬಿದೆ. ಮರದಡಿ ಅದು ದಾರಿಯನ್ನು ಹೊಳೆ ಮಧ್ಯ ತೋರಿಸಿತು. ಕೊನೆಗೆ ಅಪ್ಪನ ಕಾಲದಲ್ಲಿ ಕಾಫಿ ಸಾಲು ಹಾಕಲು ಬಳಸುತ್ತಿದ್ದ ಅದೇ ಎ-ಫ್ರೇಮ್, ಇಂಗ್ಲಿಷ್ A ಆಕಾರದ ಚೌಕಟ್ಟು: ಮೂರು ಬಿದಿರು, ಒಂದು ದಾರ, ಒಂದು ಕಲ್ಲು. ಖರ್ಚು ಸೊನ್ನೆ.

ಕೆಲಸ 2022 ಮತ್ತು 23ರ ಬೇಸಿಗೆಯಲ್ಲಿ, ಹೂ ಮಳೆ (ಕಾಫಿ ಹೂ ಬಿಡಿಸುವ ಬೇಸಿಗೆ ಮಳೆ) ಬಿದ್ದು ಮಣ್ಣು ಮೆತ್ತಗಾದ ಮೇಲೆ. ಇಬ್ಬರು ಆಳು, ಪಿಕಾಸಿ ಗುದ್ದಲಿ ಅಷ್ಟೇ. ದಿನಕ್ಕೆ 10–12 ಮೀಟರ್. ಎರಡು ವರ್ಷ ಸೇರಿ ನೂರು ದಿನದ ಆಸುಪಾಸು, ಕೂಲಿ ಒಂದು ಲಕ್ಷ ದಾಟಿತು. ಒಂದೇ ಹಠ ಹಿಡಿದಿದ್ದೆ: ಪೂರ್ತಿ ಅಗಲ ಗಟ್ಟಿ ಮಣ್ಣಿನಲ್ಲೇ ಕಡಿಯಬೇಕು, ಅಗೆದ ಮಣ್ಣನ್ನು ಅಂಚಿಗೆ ಹಾಕಿ ಅಗಲ ಮಾಡಬಾರದು. ಮುಗಿದ ಮೇಲೆ ಪ್ರತಿ ತಗ್ಗಿನಲ್ಲೂ ಒಂದು ಬಕೆಟ್ ನೀರು ಸುರಿದು ಒಂದು ಹಿಡಿ ಕಾಫಿ ಹೊಟ್ಟು ಎಸೆದೆ. ಹೊಟ್ಟು ಅಡ್ಡ ದಾಟಿದರೆ ಪಾಸ್, ದಾರಿ ಹಿಡಿದರೆ ಮತ್ತೆ ಗುದ್ದಲಿ.

ಬಂಡೆಯ ವಿಷಯ ಬೇರೆ. ಹಳೇ ದಾರಿ ಬಂಡೆಯ ಬುಡದಲ್ಲೇ ಇತ್ತು, ಮೊದಲ ಮಳೆಗೆ ಮೇಲಿಂದ ಕಲ್ಲು ಉದುರುತ್ತಿತ್ತು. ಅದನ್ನು ಬಿಟ್ಟು ಮೇಲಕ್ಕೆ ಒಯ್ದೆ, ಅಂಚಿನಿಂದ 10 ಅಡಿ ಒಳಗೆ. ನೋಡುವ ಜಾಗದಲ್ಲಿ ಮಾತ್ರ ಜಿಐ ಪೈಪಿನ ಕಟಕಟೆ. ಮೊದಲು ಮಣ್ಣಿನಲ್ಲಿ ಗುಂಡಿ ತೋಡಿ ನಿಲ್ಲಿಸಿದ್ದೆ, ಜುಲೈನಲ್ಲಿ ಕೈ ಇಟ್ಟರೆ ಹೊಳೆ ಕಡೆ ವಾಲಿತು! ಆವತ್ತು ನನ್ನ ಎದೆ ಝಲ್ ಅಂದಿದ್ದು ಈಗಲೂ ನೆನಪಿದೆ. ಆಮೇಲೆ ಬಂಡೆಗೇ ತೂತು ಹೊಡೆಸಿ ಸರಳು ಕೂರಿಸಿದೆ. 60 ಸಾವಿರದ ಮೇಲಾಯಿತು, ಅದರಲ್ಲಿ ಚೌಕಾಸಿ ಮಾಡಲಿಲ್ಲ. ಬಂಡೆ ಮೇಲಿನ ಪಾಚಿ ಜಾರದಂತೆ ಏನು ಮಾಡಿದೆ ಅನ್ನೋದು ನನ್ನಲ್ಲೇ ಇರಲಿ, ಅದಕ್ಕೆ ಎರಡು ವರ್ಷ ತಲೆ ಕೆಡಿಸಿಕೊಂಡಿದ್ದೇನೆ.

ಇಂಬಳದ (ರಕ್ತ ಹೀರುವ ಜಿಗಣೆ) ಪ್ರಯೋಗ ಬೇರೆಯೇ ಕಥೆ. ಉಪ್ಪು ಚೆಲ್ಲಿದೆ, ಒಂದು ಮಳೆಗೆ ತೊಳೆದು ಹೋಯಿತು, ಅಂಚಿನ ಗಿಡ ಮಾತ್ರ ಸುಟ್ಟವು. ಸುಣ್ಣವೂ ಅಷ್ಟೇ. ತರಗೆಲೆ ಪೂರ್ತಿ ಗುಡಿಸಿದರೆ ಇಂಬಳ ಕಮ್ಮಿಯಾಯಿತು, ಆದ್ರೆ ಬರಿ ಮಣ್ಣಿಗೆ ಮಳೆ ಹನಿ ಬಿದ್ದು ಕೆಸರೆದ್ದಿತು. ಈಗ ಎಲೆ ಹಾಗೇ ಬಿಟ್ಟಿದ್ದೇನೆ. ಕಾಲುಚೀಲಕ್ಕೆ ಹೊಗೆಸೊಪ್ಪು ಕೊಬ್ಬರಿ ಎಣ್ಣೆ ಸವರುತ್ತೇವೆ, ಇನ್ನೊಂದು ಸೊಪ್ಪೂ ಸೇರುತ್ತೆ, ಯಾವುದು ಅಂತ ಬಂದವರಿಗೆ ಮಾತ್ರ ಹೇಳುತ್ತೇನೆ.

2024ರ ಜುಲೈನಲ್ಲಿ ಅದೇ ಸುಬ್ರಹ್ಮಣ್ಯ ಮಾರ್ಗದ ಎಡಕುಮೇರಿ–ಕಡಗರವಳ್ಳಿ ನಡುವೆ ರೈಲು ಹಳಿಯ ಕೆಳಗಿನ ಮಣ್ಣೇ ಜಾರಿ ರೈಲು ನಿಂತಿತಲ್ಲ, ಆ ವಾರ ನಾನು ದಿನಾ ದಾರಿ ಸುತ್ತಿದೆ. ಎರಡು ತಗ್ಗಿನಲ್ಲಿ ಮರಳು ತುಂಬಿತ್ತು, ಒಂದು ಮರ ಅಡ್ಡ ಬಿದ್ದಿತ್ತು, ಅಷ್ಟೇ. ಹೋಲಿಕೆ ಸರಿಯಲ್ಲ, ನನಗೂ ಗೊತ್ತು. ಆದ್ರೂ ಹೇಳಿಕೊಳ್ಳದೆ ಇರೋಕಾಗಲ್ಲ.

ಹೊಳೆ ದಂಡೆಯ ಸುಮಾರು 80 ಮೀಟರ್ ಮಾತ್ರ ನನ್ನ ಕೈಗೆ ಬಂದಿಲ್ಲ. ಹೊಳೆ ಮೈದುಂಬಿದರೆ ಅದು ನೀರಿನದೇ ಜಾಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸರಪಳಿ ಹಾಕಿ ಬೀಗ ಹಾಕುತ್ತೇನೆ. ಮೇ ಕೊನೆಯಲ್ಲಿ ತಗ್ಗುಗಳ ಬಾಯಿ ಬಿಡಿಸಲು ಎರಡು ದಿನ ಸಾಕು. ಈ ಸಲ ಎ-ಫ್ರೇಮ್ ಹೊಸದು ಕಟ್ಟಬೇಕು, ಹಳೇದನ್ನು ಚಿಕ್ಕಪ್ಪ ಒಯ್ದಿದ್ದಾರೆ.