ತೊಗರಿ ದರದ ಆ್ಯಪ್‌ನಲ್ಲಿ ಸೊನ್ನೆಯ ಕಾಟ

ಕಲಬುರಗಿ, ಸೇಡಂ, ಚಿತ್ತಾಪುರ, ಆಳಂದದ ತೊಗರಿ ದರ ತೋರಿಸುವ ಒಂದು ಸಣ್ಣ ಆ್ಯಪ್ ನಾನು ನೋಡಿಕೊಳ್ಳುತ್ತೇನೆ. ಭಾನುವಾರ ಗಂಜ್ (ಕೃಷಿ ಮಾರುಕಟ್ಟೆ) ಬಂದ್. ಆ ದಿನದ ದರದ ಖಾನೆಯಲ್ಲಿ ಏನು ಇಡಬೇಕು? ನನ್ನ ಕೈಗೆ ಬಂದ ಹಳೇ ಕೋಡ್ 0 ಇಡುತ್ತಿತ್ತು, ಕೆಲವು ಕಡೆ -1. ಉದಾಹರಣೆಗೆ ಮೂರು ದಿನ 7000, 7200, 7400 ಅಂತ ಇಟ್ಟುಕೊಳ್ಳಿ, ಸರಾಸರಿ 7200. ನಾಲ್ಕನೇ ದಿನಕ್ಕೆ 0 ಸೇರಿದರೆ 5400! ಇದನ್ನು ನೋಡಿದ ರೈತ ಗಾಬರಿ ಆಗದೇ ಇರ್ತಾನಾ?

ಮೊದಲು ಡೇಟಾಬೇಸ್‌ನಲ್ಲಿ ಸೊನ್ನೆ ತೆಗೆದು ನಲ್ ಇಟ್ಟೆ, ಅಂದರೆ 'ಇಲ್ಲಿ ಮೌಲ್ಯವೇ ಇಲ್ಲ' ಎಂಬ ಗುರುತು. ಆ ಡೇಟಾಬೇಸ್ ಎಸ್‌ಕ್ಯೂಲೈಟ್, ಅದು ಸರಾಸರಿ ತೆಗೆಯುವಾಗ ನಲ್ ಇರುವ ಸಾಲನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹುಡುಕುವಾಗ ಮಾತ್ರ ಹುಷಾರು: 'ಈಕ್ವಲ್ ಟು ನಲ್' ಅಂದರೆ ಒಂದು ಸಾಲೂ ಸಿಗುವುದಿಲ್ಲ, 'ಈಸ್ ನಲ್' ಅನ್ನಬೇಕು.

ಇಷ್ಟಕ್ಕೆ ಮುಗಿಯಲಿಲ್ಲ. ಬಾಗಿಲು ಹಾಕಿದರೆ ಕಿಟಕಿಯಿಂದ ಒಳಗೆ ಬರುವ ಬೆಕ್ಕಿನ ಹಾಗೆ ಸೊನ್ನೆ ಮತ್ತೆ ಬಂತು.

ಐಫೋನ್ ಆ್ಯಪ್‌ನ ಹಳೇ ಭಾಗ ಆಬ್ಜೆಕ್ಟಿವ್-ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿತ್ತು. ಅಲ್ಲಿ 'ಏನೂ ಇಲ್ಲ' ಎನ್ನುವ ನಿಲ್‌ಗೆ ಮೆಸೇಜ್ ಕಳಿಸಿದರೆ (ಅಂದರೆ ಏನಾದರೂ ಕೆಲಸ ಹೇಳಿದರೆ) ಅದು ಜಗಳ ಆಡುವುದಿಲ್ಲ, ಸುಮ್ನೆ 0 ಕೊಟ್ಟುಬಿಡುತ್ತದೆ. ಸರ್ವರ್‌ನಿಂದ ಡೇಟಾ ಬರುವ ರೂಪವಾದ ಜೇಸನ್‌ನಲ್ಲಿ ದರದ ಕೀ (ಹೆಸರು) ಇಲ್ಲದೇ ಹೋದರೆ ಸಿಗುವುದು ನಿಲ್, ಪರದೆಯ ಮೇಲೆ 0. ಅದೇ ಕೀ ಇದ್ದು ಅದರ ಮೌಲ್ಯ ನಲ್ ಆಗಿದ್ದರೆ ಸಿಗುವುದು ಎನ್‌ಎಸ್‌ನಲ್. ಅದು ನಿಜವಾದ ಆಬ್ಜೆಕ್ಟ್. ಡಿಕ್ಷನರಿಯೊಳಗೆ (ಕೀ-ಮೌಲ್ಯದ ಜೋಡಿ ಇಡುವ ಪಟ್ಟಿ) ನಿಲ್ ಇಡಲು ಬರುವುದಿಲ್ಲ, ಅದಕ್ಕೇ ಈ ಏರ್ಪಾಡು. ಅದನ್ನು ಡಬಲ್‌ವ್ಯಾಲ್ಯೂ, ಅಂದರೆ ದಶಮಾಂಶ ಸಂಖ್ಯೆ, ಕೇಳಿದರೆ ಆ್ಯಪ್ ಅಲ್ಲೇ ಕ್ರ್ಯಾಶ್. ನನಗೆ ಕ್ರ್ಯಾಶೇ ಇಷ್ಟ, ಸುಳ್ಳು ದರ ತೋರಿಸುವುದಕ್ಕಿಂತ ಮೇಲಲ್ವಾ?

ಆಂಡ್ರಾಯ್ಡ್‌ನಲ್ಲಿ ಕಾಟ್ಲಿನ್ ಭಾಷೆ ಇತ್ತು, ಡಬಲ್ (ದಶಮಾಂಶ ಸಂಖ್ಯೆ) ಎಂದು ಬರೆದ ನಂತರ ಪ್ರಶ್ನಾರ್ಥಕ ಚಿಹ್ನೆ ಹಾಕದಿದ್ದರೆ ನಲ್ ಒಳಗೆ ಬರುವುದಿಲ್ಲ ಎಂಬ ನಂಬಿಕೆಯಲ್ಲಿ ಬರೆದ ಕೋಡ್. ಆದರೆ ಜೇಸನ್ ಓದಲು ಬಳಸಿದ್ದು ಜಿಸನ್ ಎಂಬ ಲೈಬ್ರರಿ. ಅದು ಜಾವಾ ಭಾಷೆಯ ಕಾಲದ್ದು, ಪ್ರಶ್ನಾರ್ಥಕ ಚಿಹ್ನೆಯ ಗೊಡವೆ ಅದಕ್ಕಿಲ್ಲ. ಡಿಫಾಲ್ಟ್ ಮೌಲ್ಯ ಕೊಡದ ಡೇಟಾ ಕ್ಲಾಸ್ (ಡೇಟಾದ ಅಚ್ಚು) ಆದರೆ ಆಬ್ಜೆಕ್ಟ್ ಕಟ್ಟುವ ಕನ್‌ಸ್ಟ್ರಕ್ಟರನ್ನು ಕರೆಯದೇ ಅದನ್ನು ಕಟ್ಟುತ್ತದೆ. ಸ್ಟ್ರಿಂಗ್ (ಪಠ್ಯ) ಆದರೆ ನಲ್ ನುಸುಳುತ್ತದೆ, ಡಬಲ್ ಆದರೆ 0.0 ಉಳಿಯುತ್ತದೆ. ಕಾಟ್ಲಿನ್‌ನದೇ ಸೀರಿಯಲೈಸೇಷನ್ ಲೈಬ್ರರಿಗೆ ಬದಲಾಯಿಸಿದೆ. ಕೀ ಇಲ್ಲದಿದ್ದರೆ ಅದು ಅಲ್ಲೇ ತಕರಾರು ಎತ್ತುತ್ತದೆ.

ಸ್ವಿಫ್ಟ್ ಭಾಷೆಗೆ ಬಂದ ಮೇಲೆ ಐಫೋನ್ ಕಡೆ ಹಗುರಾಯಿತು. ಅಲ್ಲಿ ಆಪ್ಷನಲ್ ಅಂದರೆ ಎರಡೇ ಕೇಸ್ (ಮೌಲ್ಯ ಇದೆ, ಇಲ್ಲ) ಇರುವ ಒಂದು ಈನಮ್ (ಎಣಿಸಿಟ್ಟ ಸ್ಥಿತಿಗಳ ಪಟ್ಟಿ), ಬಿಚ್ಚಿ ನೋಡದೆ ಒಳಗಿನ ಮೌಲ್ಯ ಬಳಸಲು ಬರುವುದಿಲ್ಲ. ಆದರೂ ಎರಡು ಪ್ರಶ್ನಾರ್ಥಕ ಚಿಹ್ನೆ ಹಾಕಿ ಪಕ್ಕದಲ್ಲಿ 0 ಬರೆಯುವ (ಇಲ್ಲದಿದ್ದರೆ 0 ತೋರಿಸು ಅಂತ) ಚಟ ಎಲ್ಲರಿಗೂ ಇದೆ. ದರದ ವಿಷಯದಲ್ಲಿ ಅದನ್ನು ನಾನು ಒಪ್ಪುವುದಿಲ್ಲ.

ಕೊನೆಗೆ ಬರೀ ನಲ್ ಕೂಡ ಸಾಲಲಿಲ್ಲ. ಗಂಜ್ ಬಂದ್ ಇದ್ದರೂ ನಲ್, ತೊಗರಿ ಆವಕ ಇಲ್ಲದಿದ್ದರೂ ನಲ್, ದರ ಇನ್ನೂ ನಮಗೆ ತಲುಪದಿದ್ದರೂ ನಲ್. ಚೀಲ ಹೊತ್ತು ಅಡತಿ ಅಂಗಡಿಗೆ ಹೊರಟವನಿಗೆ ಈ ಮೂರೂ ಒಂದೇ ಅಲ್ಲ. ಕಾಟ್ಲಿನ್‌ನಲ್ಲಿ ಸೀಲ್ಡ್ ಕ್ಲಾಸ್ (ಈನಮ್‌ನ ಹಾಗೇ ಎಣಿಸಿಟ್ಟ ಸ್ಥಿತಿಗಳು), ಸ್ವಿಫ್ಟ್‌ನಲ್ಲಿ ಈನಮ್ ಮಾಡಿ ನಾಲ್ಕು ಸ್ಥಿತಿ ಇಟ್ಟೆ: ದರ ಇದೆ, ಬಂದ್, ಆವಕ ಇಲ್ಲ, ಇನ್ನೂ ಬಂದಿಲ್ಲ. ದರ ಎಂಬ ಸಂಖ್ಯೆ ಇರುವುದು ಮೊದಲನೆಯದರ ಒಳಗೆ ಮಾತ್ರ. ಡೇಟಾಬೇಸ್‌ನಲ್ಲಿ ದರದ ಪಕ್ಕ ಸ್ಥಿತಿಯದೊಂದು ಕಾಲಮ್ ಸೇರಿತು. ಈಗ 'ಇನ್ನೂ ಬಂದಿಲ್ಲ' ಇದ್ದಾಗ ಮಾತ್ರ ಆ್ಯಪ್ ಮತ್ತೆ ಸರ್ವರನ್ನು ಕೇಳುತ್ತದೆ, ಬಂದ್ ಇದ್ದ ದಿನ ಸುಮ್ನೆ ಡೇಟಾ ಖರ್ಚು ಮಾಡುವುದಿಲ್ಲ.