ತಪ್ಪಲಿಗೊಂದು, ಬಯಲಿಗೊಂದು: ಬೇಸಿಗೆಯ ಗುಡುಗು ಮಳೆ ಮುನ್ನೋಟದಲ್ಲಿ ನನ್ನ ಅನುಭವ

ಒಂದೇ ಸೌಂಡಿಂಗ್ (ಬಲೂನ್ ಹಾರಿಸಿ ಎತ್ತರೆತ್ತರದ ಉಷ್ಣಾಂಶ, ತೇವಾಂಶ, ಗಾಳಿ ಅಳೆದ ಲೆಕ್ಕ) ಇಟ್ಟುಕೊಂಡು ಬೆಟ್ಟದ ತಪ್ಪಲಿಗೂ ಬಯಲಿಗೂ ಬೇರೆ ಬೇರೆ ಮುನ್ನೋಟ ಬರೆಯಲು ಆಗುವುದಿಲ್ಲ ಎಂದವರೇ ಹೆಚ್ಚು. ಆಗುತ್ತದೆ. ಮೂರು ಬೇಸಿಗೆಯ ಲೆಕ್ಕ ನೋಡಿದರೆ ತಪ್ಪಲಲ್ಲಿ ಹತ್ತು ದಿನಕ್ಕೆ ಸುಮಾರು ಎಂಟು, ಬಯಲಲ್ಲಿ ಆರೇಳು ದಿನ ಹೇಳಿದ್ದು ಸರಿಯಾಗಿದೆ. ದಿನಾ ‘ಮಳೆಯಿಲ್ಲ’ ಎಂದು ಬರೆದರೂ ಬಯಲಲ್ಲಿ ಅಂಕ ಸಿಗುತ್ತದಲ್ಲ, ಅದಕ್ಕೇ ಬ್ರಯರ್ ಸ್ಕೋರನ್ನೂ ಇಟ್ಟಿದ್ದೇನೆ: ಹೇಳಿದ ಸಂಭವಕ್ಕೂ ನಿಜವಾಗಿ ಆದದ್ದಕ್ಕೂ ಇರುವ ಅಂತರದ ಅಳತೆ ಅದು, ಕಡಿಮೆಯಾದಷ್ಟೂ ಒಳ್ಳೆಯದು. ಅದೂ ವರ್ಷದಿಂದ ವರ್ಷಕ್ಕೆ ಇಳಿದಿದೆ.

ಮೊದಲ ಬೇಸಿಗೆ ಕೆಟ್ಟಿದ್ದು ಕೇಪ್ (CAPE, ಮೇಲೇಳುವ ಗಾಳಿಗೆ ಸಿಗಬಹುದಾದ ಶಕ್ತಿ) ನಂಬಿ. ಕಿಲೋಗ್ರಾಂ ಗಾಳಿಗೆ 2500 ಜೂಲ್ ಕಂಡ ದಿನವೂ ಆಕಾಶ ಖಾಲಿ. ಬೆಳಗಿನ ನೆಲಮಟ್ಟದ ಡ್ಯೂಪಾಯಿಂಟನ್ನೇ (ಯಾವ ಉಷ್ಣಾಂಶಕ್ಕೆ ತಣಿದರೆ ಗಾಳಿಯ ತೇವ ಹನಿಗಟ್ಟುತ್ತದೋ ಅದು) ಲೆಕ್ಕಕ್ಕೆ ಹಾಕುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಮೇಲಿನ ಒಣಗಾಳಿ ಬೆರೆತು ಅದು ನಾಲ್ಕೈದು ಡಿಗ್ರಿ ಬಿದ್ದರೆ ಕೇಪ್ ಅರ್ಧಕ್ಕಿಳಿಯುತ್ತದೆ. ಈಗ ಕೆಳಗಿನ 100 ಹೆಕ್ಟೊಪಾಸ್ಕಲ್ (ಸುಮಾರು ಒಂದು ಕಿಲೋಮೀಟರ್ ದಪ್ಪದ) ಪದರದ ತೇವಾಂಶದ ಸರಾಸರಿ ತೆಗೆದು, ಅಂದಿನ ಗರಿಷ್ಠ ಉಷ್ಣಾಂಶದಿಂದ ಪಾರ್ಸೆಲ್ ಅಂದರೆ ಗಾಳಿಯ ಒಂದು ತುಣುಕನ್ನು ಲೆಕ್ಕದಲ್ಲಿ ಮೇಲಕ್ಕೆ ಎತ್ತುತ್ತೇನೆ.

ತಪ್ಪಲಿಗೆ ಮಾಡಿದ್ದು ಇಷ್ಟೇ: ಅದೇ ಸೌಂಡಿಂಗನ್ನು ತಪ್ಪಲಿನ ಎತ್ತರಕ್ಕೆ ಕತ್ತರಿಸಿದೆ. ಬಲೂನ್ ಬಿಟ್ಟ ಜಾಗಕ್ಕಿಂತ ತಪ್ಪಲು 800 ಮೀಟರ್ ಮೇಲಿದ್ದರೆ, ಅಷ್ಟು ಪದರ ತೆಗೆದು ಅಲ್ಲಿಂದಲೇ ಬಿಸಿ ಏರಿಸಬೇಕು. ಮುಚ್ಚಳದಂತೆ ಕೂತ ಬೆಚ್ಚನೆಯ ಪದರ ಆಗ ಬೇಗ ಒಡೆಯುತ್ತದೆ. ತಪ್ಪಲಲ್ಲಿ ಒಂದು ಗಂಟೆಗೇ ಮೋಡ ಎದ್ದು, ಬಯಲಲ್ಲಿ ನಾಲ್ಕೈದು ಗಂಟೆಯವರೆಗೆ ಏನೂ ಇಲ್ಲದಿರುವುದು ಇದರಿಂದಲೇ. ಎಡವುವ ಜಾಗವೂ ಇದೇ. ತೇವದ ಪದರ 500–600 ಮೀಟರಷ್ಟೇ ಇದ್ದರೆ, ಕತ್ತರಿಸುವಾಗ ತೇವವೂ ಹೋಗಿಬಿಡುತ್ತದೆ. ಕಣಿವೆಯಿಂದ ಗಾಳಿ ಮೇಲಕ್ಕೆ ಹತ್ತುತ್ತಿರುವ ದಿನ ಮಾತ್ರ ಬಯಲಿನ ತೇವಾಂಶವನ್ನೇ ತಪ್ಪಲಿಗೂ ಉಳಿಸಿಕೊಳ್ಳಿ.

ಬಯಲಿಗೆ ನೋಡುವುದು ಗಾಳಿ. 700ರಿಂದ 500 ಹೆಕ್ಟೊಪಾಸ್ಕಲ್ (ಸುಮಾರು ಮೂರರಿಂದ ಆರು ಕಿಲೋಮೀಟರ್ ಎತ್ತರ) ನಡುವೆ ಗಂಟೆಗೆ 15 ಕಿಲೋಮೀಟರಿಗಿಂತ ಕಡಿಮೆಯಿದ್ದರೆ ಮೋಡ ಎದ್ದಲ್ಲೇ ಸುರಿದು ಮುಗಿಯುತ್ತದೆ. ಅಂಥ ದಿನ ತಪ್ಪಲಿಗೆ ಭಾರೀ ಮಳೆ ಬರೆಯಲು ಹಿಂಜರಿಯುವುದಿಲ್ಲ. ಬೆಟ್ಟದ ಕಡೆಯಿಂದ 30ರ ವೇಗವಿದ್ದರೆ 60 ಕಿಲೋಮೀಟರ್ ದೂರಕ್ಕೆ ಎರಡು ಗಂಟೆ. ಮಳೆಯಿಂದ ಹೊರಟ ತಂಪುಗಾಳಿ ಅದಕ್ಕಿಂತ ಮುಂದೆ ಓಡುತ್ತದೆ. ಬಯಲಿನ ತಡೆ, ಅಂದರೆ ಮುಚ್ಚಳದ ಪದರ ದಾಟಲು ಗಾಳಿಗೆ ಬೇಕಾದ ಶಕ್ತಿ, ಕಿಲೋಗ್ರಾಮಿಗೆ 50 ಜೂಲಿಗಿಂತ ಕಡಿಮೆಯಿದ್ದರೆ ಆ ಗಾಳಿಯ ಅಂಚಿನಲ್ಲೇ ಹೊಸ ಮೋಡ ಏಳುತ್ತದೆ, 100 ದಾಟಿದ್ದರೆ ಬಹುಪಾಲು ಅಲ್ಲಿಗೇ ಸಾಯುತ್ತದೆ. ಮಧ್ಯಾಹ್ನದ ಡ್ಯೂಪಾಯಿಂಟಿಗೂ ಈ ಗಾಳಿಗೂ ಎಷ್ಟೆಷ್ಟು ತೂಕ ಕೊಡುತ್ತೇನೆ ಎಂಬುದು ಸದ್ಯಕ್ಕೆ ನನ್ನ ಬಳಿಯೇ ಇರಲಿ.

ಮೋಡದ ತಳ ಮರೆತು ಒಮ್ಮೆ ಪೂರ್ತಿ ಕೈಸುಟ್ಟುಕೊಂಡೆ. 38 ಡಿಗ್ರಿ ಬಿಸಿಲು, 14ರ ಡ್ಯೂಪಾಯಿಂಟ್: ವ್ಯತ್ಯಾಸ 24, ಡಿಗ್ರಿಗೆ ಸುಮಾರು 125 ಮೀಟರಿನಂತೆ ಗುಣಿಸಿದರೆ ತಳ 3000 ಮೀಟರ್. ನಾನು ಬರೆದದ್ದು 20 ಮಿಲಿಮೀಟರ್, ಬಂದದ್ದು ಧೂಳುಗಾಳಿ ಮತ್ತು ನಾಲ್ಕು ಹನಿ. ಹನಿ ದಾರಿಯಲ್ಲೇ ಆವಿಯಾಗಿ ಗಾಳಿಯನ್ನು ತಂಪು ಮಾಡಿ ಕೆಳಕ್ಕೆ ಕೆಡವುತ್ತದೆ. ಅಂಥ ದಿನ ಮಳೆಯ ಬದಲು ಬಿರುಗಾಳಿ ಬರೆಯಿರಿ.

ದುಡ್ಡು ಹೋದದ್ದು ಮಿಂಚಿನ ಸೆನ್ಸರಿಗೆ. ಹತ್ತಿರದ ಮೋಟರು, ಅಗ್ಗದ ಅಡಾಪ್ಟರು ಎಲ್ಲವನ್ನೂ ಮಿಂಚು ಎಂದೇ ಎಣಿಸುತ್ತಿತ್ತು. ಬ್ಯಾಟರಿಗೆ ಹಾಕಿ ದೂರ ಇಟ್ಟ ಮೇಲೆ ಸುಧಾರಿಸಿತು. ಆ ಹಣದಲ್ಲಿ ತಪ್ಪಲಿಗೆ ಇನ್ನೂ ಮೂರು ಮಳೆಮಾಪಕ ಬರುತ್ತಿದ್ದವು. ಎಎಂ ರೇಡಿಯೊವನ್ನು ಸ್ಟೇಷನ್ ಇಲ್ಲದ ಕಡೆ ತಿರುಗಿಸಿ ಚಟಪಟ ಸದ್ದು ಎಣಿಸಿಯೂ ನೋಡಿದೆ. ಹಗಲಲ್ಲಿ ಪರವಾಗಿಲ್ಲ, ರಾತ್ರಿ ನೂರಾರು ಕಿಲೋಮೀಟರ್ ಆಚೆಯ ಮಿಂಚೂ ಕೇಳಿಸುತ್ತದೆ.

ಟಿಪ್ಪಿಂಗ್ ಬಕೆಟ್ ಮಾಪಕವನ್ನು (ಪುಟ್ಟ ಬಕೆಟ್ ತುಂಬಿ ಮಗುಚಿದ ಸಲ ಎಣಿಸುವ ಮಳೆಮಾಪಕ) ಪರೀಕ್ಷಿಸದೆ ನಂಬಬೇಡಿ. 20 ಸೆಂಟಿಮೀಟರ್ ವ್ಯಾಸದ ಬಾಯಿಯ ಆಲಿಕೆಗೆ 628 ಮಿಲಿಲೀಟರ್ ನೀರು ಎಂದರೆ 20 ಮಿಲಿಮೀಟರ್ ಮಳೆ, 0.2 ಮಿಲಿಮೀಟರಿಗೊಮ್ಮೆ ಮಗುಚುವ ಬಕೆಟ್ 100 ಸಲ ಮಗುಚಬೇಕು. ಒಂದು ಗಂಟೆಯಲ್ಲಿ ಹನಿಸಿದಾಗ 99 ಬಂತು, ಹತ್ತೇ ನಿಮಿಷದಲ್ಲಿ ಸುರಿದಾಗ 90ರ ಆಸುಪಾಸು. ಬಕೆಟ್ ಮಗುಚುವ ಹೊತ್ತಿನಲ್ಲಿ ಬೀಳುವ ನೀರು ಎಣಿಕೆಗೆ ಸಿಗುವುದಿಲ್ಲ, ಗುಡುಗು ಮಳೆಯಲ್ಲಿ ಅದೇ ದೊಡ್ಡ ನಷ್ಟ. ಪಕ್ಕದಲ್ಲೊಂದು ಸಾದಾ ಮಾಪಕ ಇರಲೇಬೇಕು.

ನಡುರಾತ್ರಿ ಬಯಲಲ್ಲಿ ತಾನಾಗೇ ಏಳುವ ಮಳೆ ಇನ್ನೂ ಕೈಗೆ ಸಿಕ್ಕಿಲ್ಲ. ನೆಲ ತಣ್ಣಗಾದ ಮೇಲೂ ಮೇಲೊಂದು ಪದರದಲ್ಲಿ ತೇವದ ಗಾಳಿ ಜೋರಾಗುವುದನ್ನು ಹಿಡಿಯಲು, ಈ ಸಲ 850 ಹೆಕ್ಟೊಪಾಸ್ಕಲ್ (ಸುಮಾರು ಒಂದೂವರೆ ಕಿಲೋಮೀಟರ್ ಎತ್ತರ) ಮಟ್ಟದ ಗಾಳಿಗೆ ಬೇರೆಯದೇ ಕಾಲಂ ಹಾಕಿದ್ದೇನೆ.