ಲ್ಯಾಬಿನ ಬಾಗಿಲಿಗೆ ಹಾಳೆ ಅಂಟಿಸುವ ಮೊದಲು: ಶಾಲೆಯಲ್ಲಿ ಕಂಪ್ಯೂಟರ್, ಇಂಟರ್ನೆಟ್ ನಿಯಮ ಮಾಡುವುದು ಹೇಗೆ

ಜೂನ್‌ನಲ್ಲಿ ಶಾಲೆ ಶುರುವಾದ ಕೂಡಲೇ ಕಂಪ್ಯೂಟರ್ ಲ್ಯಾಬಿನ ಬಾಗಿಲಿಗೆ ಒಂದು ಹಾಳೆ ಅಂಟಿಸುತ್ತೇವೆ. ಗಲಾಟೆ ಮಾಡಬೇಡಿ, ಕೇಳದೆ ಮುಟ್ಟಬೇಡಿ, ಇಂಟರ್ನೆಟ್ ದುರ್ಬಳಕೆ ಮಾಡಬೇಡಿ. ಹದಿನೈದಿಪ್ಪತ್ತು ಸಾಲು, ಎಲ್ಲವೂ 'ಬೇಡಿ'ಯಲ್ಲೇ ಮುಗಿಯುತ್ತವೆ. ಆಗಸ್ಟ್ ಬರುವಷ್ಟರಲ್ಲಿ ಹಾಳೆಯ ಒಂದು ಮೂಲೆ ಕಿತ್ತು ಬಂದಿರುತ್ತದೆ, ಅದರಲ್ಲಿ ಏನು ಬರೆದಿದೆ ಅಂತ ಒಂದು ಮಗುವಿಗೂ ನೆನಪಿರುವುದಿಲ್ಲ. ಹೈಸ್ಕೂಲಿನ ಲ್ಯಾಬ್ ನೋಡಿಕೊಳ್ಳುವ ನಾನೂ ನಾಲ್ಕೈದು ವರ್ಷ ಅಂಥದ್ದೇ ಹಾಳೆ ಅಂಟಿಸಿದ್ದೇನೆ. ಆಮೇಲೆ ಬಿಟ್ಟೆ. ಈಗ ಹೇಗೆ ಮಾಡುತ್ತೇನೆ ಅಂತ ಹೇಳುತ್ತೇನೆ, ನಿಮ್ಮ ಶಾಲೆಗೆ ಹೊಂದುವಷ್ಟು ತೆಗೆದುಕೊಳ್ಳಿ.

ಮೊದಲ ಲ್ಯಾಬ್ ಪೀರಿಯಡ್‌ನಲ್ಲಿ ಕಂಪ್ಯೂಟರ್ ಆನ್ ಮಾಡುವುದೇ ಬೇಡ. ಮಕ್ಕಳಿಗೆ ಒಂದೊಂದು ಚೀಟಿ ಕೊಡಿ. ಫೋನಿನಿಂದಲೋ ಕಂಪ್ಯೂಟರಿನಿಂದಲೋ ತಮಗೆ, ಗೊತ್ತಿರುವವರಿಗೆ ಏನು ತೊಂದರೆ ಆಗಿದೆ ಅಂತ ಹೆಸರು ಹಾಕದೆ ಬರೆಯಲಿ. ನನ್ನ ಫೋಟೊ ಯಾರೋ ಸ್ಟೇಟಸ್‌ಗೆ ಹಾಕಿದರು, ಗೇಮ್ ಆಡುವಾಗ ಅಪ್ಪನ ದುಡ್ಡು ಹೋಯಿತು, ಗುರುತಿಲ್ಲದವರು ರಾತ್ರಿ ಮೆಸೇಜ್ ಮಾಡುತ್ತಾರೆ, ನನ್ನನ್ನು ಬಿಟ್ಟು ಗ್ರೂಪ್ ಮಾಡಿ ಆಡಿಕೊಳ್ಳುತ್ತಾರೆ. ಇಂಥವು ಬರುತ್ತವೆ. ಆ ಚೀಟಿಗಳಿಂದಲೇ ನಿಯಮ ಹುಟ್ಟಬೇಕು, ಮಕ್ಕಳ ಮಾತಿನಲ್ಲೇ ಇರಬೇಕು, ಯಾಕೆ ಅನ್ನುವುದೂ ಅದೇ ಸಾಲಿನಲ್ಲಿ ಇರಬೇಕು. ಏಳೆಂಟು ಸಾಲು ಸಾಕು, ಜಾಸ್ತಿಯಾದರೆ ಯಾರೂ ಓದುವುದಿಲ್ಲ.

ಆದರೆ ಒಂದು ನಿಯಮವನ್ನು ಮಾತ್ರ ಚೀಟಿಗೆ ಕಾಯದೆ ನೀವೇ ಮೇಲೆ ಬರೆದುಬಿಡಿ: ಏನಾದರೂ ತಪ್ಪಾದರೆ ಮೊದಲು ಮಿಸ್‌ಗೆ ಹೇಳಿ, ಹೇಳಿದವರಿಗೆ ಬೈಯುವುದಿಲ್ಲ.

ಇದನ್ನು ನಾನು ಕಲಿತದ್ದು ಒಬ್ಬ ಹುಡುಗನಿಂದ. ಒಂಬತ್ತನೇ ಕ್ಲಾಸು, ವಿಜ್ಞಾನದ ಪ್ರಾಜೆಕ್ಟಿಗೆ ಚಿತ್ರ ಹುಡುಕುತ್ತಿದ್ದ. ನಾನು ಹತ್ತಿರ ಹೋದಾಗ ಮಾನಿಟರ್ ಕಪ್ಪಗಿತ್ತು, ಕೆಳಗೆ ಸಿಪಿಯು ದೀಪ ಮಾತ್ರ ಉರಿಯುತ್ತಿತ್ತು, ಅವನ ಎರಡೂ ಕೈ ತೊಡೆಯ ಕೆಳಗೆ. ಮಾನಿಟರ್ ಆನ್ ಮಾಡಿದೆ. ಮಕ್ಕಳು ನೋಡಬಾರದ ಪುಟ. ಎಲ್ಲರ ಎದುರೇ ಜೋರು ಮಾಡಿದೆ. ಆಮೇಲೆ ಹಿಸ್ಟರಿ ತೆಗೆದು ನೋಡಿದರೆ ಅವನು ಹುಡುಕಿದ್ದು ಪಾಠದ ಪದವನ್ನೇ, ಯಾವುದೋ ಜಾಹೀರಾತು ಒತ್ತಿ ಅಲ್ಲಿಗೆ ಹೋಗಿದ್ದ. ಎರಡು ವಾರ ತಲೆನೋವು ಅಂತ ಹೇಳಿ ಲ್ಯಾಬಿಗೆ ಬರಲಿಲ್ಲ. ನನಗೆ ಕಾಡಿದ್ದು ಅವನು ಆ ಪುಟ ನೋಡಿದ್ದಲ್ಲ, ಹೆದರಿ ಪರದೆ ಆರಿಸಿದ್ದು. ಇಷ್ಟಕ್ಕೇ ಮುಚ್ಚಿಡುವ ಮಗು ನಾಳೆ ಯಾರಾದರೂ ಹೆದರಿಸಿದರೆ ನಮ್ಮ ಹತ್ತಿರ ಬರುತ್ತದಾ?

ಈಗ ನಮ್ಮಲ್ಲಿ ಹೀಗೆ ನಡೆಯುತ್ತದೆ. ಬೇಡದ್ದು ತೆರೆದುಕೊಂಡರೆ ಮಗು ಮೌಸ್ ಬಿಟ್ಟು ಕೈ ಎತ್ತುತ್ತದೆ. ಪಕ್ಕದವರನ್ನು ಕರೆದು ತೋರಿಸುವುದಿಲ್ಲ. ನಾನು ಹೋಗಿ ಟ್ಯಾಬ್ ಮುಚ್ಚಿ, ಯಾವ ಪದ ಹುಡುಕಿದಾಗ ಬಂತು ಅಂತ ರಿಜಿಸ್ಟರಿನಲ್ಲಿ ಬರೆಯುತ್ತೇನೆ, ಮಗುವಿನ ಹೆಸರು ಬರೆಯುವುದಿಲ್ಲ.

ಫಿಲ್ಟರ್ ಹಾಕಬೇಕು, ಖಂಡಿತ. ರೂಟರಿನ ಡಿಎನ್‌ಎಸ್ (ತಾಣದ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ಸೇವೆ) ಜಾಗದಲ್ಲಿ ಕ್ಲೌಡ್‌ಫ್ಲೇರ್ ಕಂಪನಿಯ 1.1.1.3 ಮತ್ತು 1.0.0.3 ಅಂತ ಹಾಕಿದರೆ ಅಶ್ಲೀಲ ತಾಣಗಳೂ ವೈರಸ್ ತಾಣಗಳೂ ಬಹುಪಾಲು ತೆರೆಯುವುದೇ ಇಲ್ಲ, ದುಡ್ಡೇನೂ ಕೊಡಬೇಕಿಲ್ಲ. ಗೂಗಲ್‌ನಲ್ಲಿ ಸೇಫ್‌ಸರ್ಚ್, ಯೂಟ್ಯೂಬಿನಲ್ಲಿ ರಿಸ್ಟ್ರಿಕ್ಟೆಡ್ ಮೋಡ್ ಆನ್ ಮಾಡಿ. ಮಾನಿಟರುಗಳ ಮುಖ ನೀವು ಓಡಾಡುವ ಕಡೆಗಿರಲಿ. ಇಷ್ಟು ಮಾಡಿದರೂ ಏನೋ ಒಂದು ನುಸುಳುತ್ತದೆ, ಮೇಲಿನ ನಿಯಮ ಅದಕ್ಕೇ.

ಇನ್ನು ಪಾಸ್‌ವರ್ಡ್. ಒಂದು ಸಲ ಒಬ್ಬ ಹುಡುಗಿ ಬೆಲ್ ಹೊಡೆಯಿತು ಅಂತ ಮೇಲ್ ಹಾಗೇ ಬಿಟ್ಟು ಎದ್ದು ಹೋದಳು. ಮುಂದಿನ ಪೀರಿಯಡ್‌ನವರು ಅವಳ ಹೆಸರಿನಲ್ಲಿ ಕೆಟ್ಟ ಮೆಸೇಜ್ ಕಳಿಸಿದರು. ಕಳಿಸಿದವರಿಗೆ ಅದು ತಮಾಷೆ. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸಕ್ಕೆ ಬಳಸಿದರೆ 2000ದ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 66ಸಿ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು ಇದೆ ಅಂದಾಗ ಕ್ಲಾಸೇ ತಣ್ಣಗಾಯಿತು. ಹೆದರಿಸುವುದಕ್ಕೆ ಹೇಳಿದ್ದಲ್ಲ, ತಮಾಷೆ ಎಲ್ಲಿ ಮುಗಿಯುತ್ತದೆ ಅಂತ ಗೊತ್ತಿರಲಿ ಅಂತ. ಆಮೇಲೆ ಲಾಗಿನ್ ಮಾಡುವುದಿದ್ದರೆ ಕ್ರೋಮ್ ಬ್ರೌಸರಿನ ಗೆಸ್ಟ್ ವಿಂಡೋದಲ್ಲೇ ಅಂತ ಮಾಡಿದೆವು. ವಿಂಡೋ ಮುಚ್ಚಿದರೆ ಲಾಗಿನ್, ಹಿಸ್ಟರಿ ಅಳಿದು ಹೋಗುತ್ತವೆ.

ಇಲ್ಲಿ ಮೇಷ್ಟರುಗಳಿಗೂ ಒಂದು ಮಾತು. ಎಸ್‌ಎಟಿಎಸ್ (ಮಕ್ಕಳ ವಿವರ ತುಂಬುವ ಸರ್ಕಾರಿ ತಾಣ) ಎಂಟ್ರಿಯನ್ನು ಇದೇ ಲ್ಯಾಬಿನ ಕಂಪ್ಯೂಟರಿನಲ್ಲಿ ಮಾಡಿ, ಪಾಸ್‌ವರ್ಡ್ ಸೇವ್ ಮಾಡಲೇ ಅಂತ ಕೇಳಿದಾಗ ಹೂಂ ಅಂತ ಒತ್ತುತ್ತೇವೆ. ಮಕ್ಕಳ ಆಧಾರ್, ಜಾತಿ, ಫೋನ್ ನಂಬರ್ ಇರುವ ಎಕ್ಸೆಲ್ ಫೈಲು ಡೆಸ್ಕ್‌ಟಾಪಿನ ಮೇಲೇ ಇರುತ್ತದೆ. ಹೋಗಿ ಇವತ್ತೇ ನೋಡಿ. ಸೇವ್ ಆಗಿರುವ ಪಾಸ್‌ವರ್ಡ್ ಅಳಿಸಿ, ಆ ಫೈಲನ್ನು ಆಫೀಸ್ ಕಂಪ್ಯೂಟರಿಗೆ ಸಾಗಿಸಿ. ಮಕ್ಕಳಿಗೆ ನಿಯಮ ಹೇಳುವ ಮೊದಲು ಇದು ಆಗಬೇಕು.

ಫೋಟೊದ್ದೂ ಹಾಗೇ. ಸ್ನೇಹಿತರ ಫೋಟೊ ಹಾಕುವ ಮೊದಲು ಅವರನ್ನು ಕೇಳಬೇಕು ಅಂತ ಮಕ್ಕಳೇ ಬರೆದರು. ಹಾಗಾದರೆ ನಾವು? ಬಿಸಿಯೂಟದ ಸಾಲು, ಬಹುಮಾನ ಹಂಚಿದ್ದು, ಹೋಂವರ್ಕ್ ಮಾಡದವರು ನಿಂತಿದ್ದು, ಎಲ್ಲ ವಾಟ್ಸಾಪ್ ಗ್ರೂಪಿಗೆ ಹೋಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಅಪ್ಪ ಅಮ್ಮನ ಒಪ್ಪಿಗೆ ಬೇಕು ಅನ್ನುತ್ತದೆ. ದಾಖಲಾತಿ ಸಮಯದಲ್ಲೇ ಪೋಷಕರ ಸಭೆ ಕರೆದು ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ, ಬೇಡ ಅಂದವರ ಮಕ್ಕಳನ್ನು ಫೋಟೊದಿಂದ ಬಿಡಿ. ಶಿಕ್ಷೆಯ ಫೋಟೊ ಅಂತೂ ಯಾರು ಒಪ್ಪಿದರೂ ಬೇಡ.

ನಿಜಕ್ಕೂ ಕಷ್ಟದ ದಿನ ಒಂದು ಬರಬಹುದು. ಯಾರೋ ಮಗುವಿನ ಖಾಸಗಿ ಫೋಟೊ ಇಟ್ಟುಕೊಂಡು ಹೆದರಿಸುತ್ತಿದ್ದಾರೆ ಅಂತ ಗೊತ್ತಾಯಿತು ಅಂದುಕೊಳ್ಳಿ. ಆಗ ಏನು ಮಾಡಬಾರದು ಅನ್ನುವುದು ಮೊದಲು ತಿಳಿದಿರಬೇಕು. ಆ ಫೋಟೊವನ್ನು ಸಾಕ್ಷಿಗಿರಲಿ ಅಂತ ಹೆಡ್‌ಮಾಸ್ಟರಿಗೆ, ಇನ್ನೊಬ್ಬ ಟೀಚರಿಗೆ ಫಾರ್ವರ್ಡ್ ಮಾಡಲೇಬಾರದು. ಮಕ್ಕಳ ಅಂಥ ಚಿತ್ರ ಕಳಿಸುವುದೇ ಐಟಿ ಕಾಯ್ದೆಯ 67ಬಿ ಕಲಂ ಅಡಿ ಅಪರಾಧ. ಹೆದರಿಸಿದ ಮೆಸೇಜ್, ಬಂದ ನಂಬರ್, ದಿನಾಂಕ ಅಳಿಸದೆ ಉಳಿಸಿ, ಫೋಟೊ ಹಂಚಬೇಡಿ. ಹೆಡ್‌ಮಾಸ್ಟರಿಗೆ ಬಾಯಲ್ಲಿ ಹೇಳಿ. 1098 ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ಮಹಿಳೆಯರು ಮತ್ತು ಮಕ್ಕಳ ದೂರಿಗೆ ಬೇರೆ ಜಾಗವೇ ಇದೆ, ಹೆಸರು ಹೇಳದೆಯೂ ದೂರು ಕೊಡಬಹುದು. ದುಡ್ಡು ಹೋಗಿದ್ದರೆ ತಡ ಮಾಡದೆ 1930 ಸೈಬರ್ ವಂಚನೆ ಸಹಾಯವಾಣಿಗೆ ಫೋನ್ ಮಾಡಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯಲ್ಲಿ ಕಡ್ಡಾಯ, ಶಾಲೆಯ ಹೆಸರು ಕೆಡುತ್ತದೆ ಅಂತ ಒಳಗೇ ರಾಜಿ ಮಾಡಿ ಮುಗಿಸುವಂತಿಲ್ಲ. ಮಗು ಯಾರು ಅಂತ ಸ್ಟಾಫ್ ರೂಮಿನಲ್ಲೂ ಮಾತಾಗಬಾರದು. ಫೋಟೊ ಆನ್‌ಲೈನಿನಲ್ಲಿ ಹರಡದಂತೆ ತಡೆಯಲು 'ಟೇಕ್ ಇಟ್ ಡೌನ್' ಅನ್ನುವ ಉಚಿತ ಸೇವೆ ಇದೆ. ಅಲ್ಲಿ ಚಿತ್ರ ಫೋನಿನಿಂದ ಹೊರಗೆ ಹೋಗುವುದೇ ಇಲ್ಲ, ಅದರ ಗುರುತಿನ ಸಂಕೇತ ಮಾತ್ರ ಹೋಗುತ್ತದೆ. ಆ ಸೇವೆಗೆ ಸೇರಿದ ಕಂಪನಿಗಳು ಆ ಗುರುತು ಇಟ್ಟುಕೊಂಡು ತಮ್ಮಲ್ಲಿ ಹುಡುಕಿ ತೆಗೆಯುತ್ತವೆ.

ಪ್ರಾಜೆಕ್ಟ್ ಕಾಪಿಯ ವಿಷಯ ಇಷ್ಟು ಭಾರದ್ದಲ್ಲ, ಆದರೆ ದಿನಾ ಇರುವಂಥದ್ದು. ವಿಕಿಪೀಡಿಯದಿಂದ ಎತ್ತಿದ್ದು ಅಂತ ಗೊತ್ತಾಗಲು ಜಾಣತನ ಬೇಕಿಲ್ಲ, ಸಾಲಿನ ಕೊನೆಯಲ್ಲಿ ಚೌಕ ಕಂಸದೊಳಗಿನ ಅಂಕಿಗಳು ಹಾಗೇ ಇರುತ್ತವೆ. ನಮ್ಮ ನಿಯಮ ಇದು: ಓದಿ, ಪರದೆಯಿಂದ ಮುಖ ತಿರುಗಿಸಿ, ನೋಟ್‌ಬುಕ್ಕಿನಲ್ಲಿ ಬರೆಯಿರಿ, ಕೆಳಗೆ ಎಲ್ಲಿ ಓದಿದ್ದು, ಯಾವತ್ತು ಅಂತ ಹಾಕಿ. ಚಾಟ್‌ಜಿಪಿಟಿಗೂ ಇದೇ. 13 ತುಂಬದವರು ಅದನ್ನು ಬಳಸುವಂತಿಲ್ಲ, 18ರೊಳಗಿನವರಿಗೆ ಮನೆಯವರ ಒಪ್ಪಿಗೆ ಬೇಕು ಅಂತ ಅದರ ಷರತ್ತಿನಲ್ಲೇ ಇದೆ. ನೀವೇ ದೊಡ್ಡ ಪರದೆಯಲ್ಲಿ ತೆರೆದು ನಿಮ್ಮೂರಿನ ಜಾತ್ರೆ ಬಗ್ಗೆ, ಕೆರೆ ಬಗ್ಗೆ ಕೇಳಿ. ಬಂದ ಉತ್ತರದಲ್ಲಿ ಎಷ್ಟು ಸರಿ, ಎಷ್ಟು ತಪ್ಪು ಅಂತ ಮಕ್ಕಳೇ ಗೆರೆ ಎಳೆಯಲಿ. ಪರೀಕ್ಷಿಸದೆ ನಂಬಬಾರದು ಅಂತ ನೂರು ಸಲ ಹೇಳುವುದಕ್ಕಿಂತ ಇದು ಒಳ್ಳೆಯದು.

ಲ್ಯಾಬಿನೊಳಗಿನ ಸಣ್ಣಪುಟ್ಟದ್ದು: ಒಂದು ಕಂಪ್ಯೂಟರಿಗೆ ಮೂರ್ನಾಲ್ಕು ಮಕ್ಕಳು ಕೂತರೆ ಮೌಸ್ ಒಬ್ಬರ ಕೈಯಲ್ಲೇ ಇರುತ್ತದೆ, ಹತ್ತು ನಿಮಿಷಕ್ಕೊಮ್ಮೆ ಚಪ್ಪಾಳೆ ತಟ್ಟಿ, ಮೌಸ್ ಕೈ ಬದಲಾಗಲಿ. ಯುಪಿಎಸ್ ಕೂಗಿದರೆ ಮೊದಲು ಸೇವ್, ಆಮೇಲೆ ಶಟ್‌ಡೌನ್. ಚಪ್ಪಲಿ ಹೊರಗೆ ಬಿಡಿಸುವುದಾದರೆ ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ, ಇಲ್ಲದಿದ್ದರೆ ಬರಿಗಾಲಿಗೆ ಶಾಕ್ ಹೊಡೆಯಬಹುದು. ಧೂಳಿಗಿಂತ ಮಗು ಮುಖ್ಯ ಅಲ್ವಾ?

ನಿಯಮ ಮುರಿದರೆ? ಒಂದು ತಿಂಗಳು ಲ್ಯಾಬಿಗೆ ಬರಬೇಡ ಅನ್ನುವುದು ಸುಲಭ. ಆದರೆ ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಗುವಿಗೆ ಇರುವುದು ಇದೊಂದೇ, ಅದನ್ನೂ ಕಿತ್ತುಕೊಂಡ ಹಾಗಾಗುತ್ತದೆ. ಕೆಡಿಸಿದ್ದನ್ನು ಸರಿಮಾಡಿಸಿ. ಗೆಳತಿಯ ಫೈಲ್ ಅಳಿಸಿದವಳು ಅವಳ ಜೊತೆ ಕೂತು ಮತ್ತೆ ಟೈಪ್ ಮಾಡಲಿ.

ದಸರಾ ರಜೆ ಮುಗಿದ ಮೇಲೆ ಹಾಳೆಯನ್ನು ಕೆಳಗಿಳಿಸಿ ಮಕ್ಕಳ ಮುಂದೆ ಇಡಿ, ಯಾವುದು ನಡೆಯುತ್ತಿಲ್ಲ ಅಂತ ಕೇಳಿ. ಹೋದ ವರ್ಷ ನಮ್ಮವರು 'ಪೆನ್ ಡ್ರೈವ್ ತರಬಾರದು' ಅನ್ನುವುದನ್ನು ಹೊಡೆದುಹಾಕಿದರು. ಫೋಲ್ಡರುಗಳನ್ನೆಲ್ಲ ಶಾರ್ಟ್‌ಕಟ್ ಮಾಡುವ ವೈರಸ್ಸಿನ ಭಯಕ್ಕೆ ನಾನು ಹಾಕಿದ್ದ ಸಾಲು ಅದು, ಕದ್ದು ತರುತ್ತಲೇ ಇದ್ದರಂತೆ. ಅದರ ಜಾಗದಲ್ಲಿ ಹತ್ತನೇ ಕ್ಲಾಸಿನ ಹುಡುಗಿ ನೀಲಿ ಪೆನ್ನಿನಲ್ಲಿ ಬರೆದಳು: 'ಪೆನ್ ಡ್ರೈವ್ ತಂದರೆ ಮೊದಲು ಬಾಗಿಲ ಹತ್ತಿರದ ಉಬುಂಟು ಕಂಪ್ಯೂಟರಿಗೆ ಹಾಕಿ, ಮಿಸ್ ನೋಡಿದ ಮೇಲೆ ಒಳಗೆ ಬನ್ನಿ.' ಉಬುಂಟು ಅಂದರೆ ವಿಂಡೋಸ್ ಅಲ್ಲದ ಬೇರೆ ವ್ಯವಸ್ಥೆ, ವಿಂಡೋಸಿನ ಆ ವೈರಸ್ ಅದರಲ್ಲಿ ಓಡುವುದಿಲ್ಲ. ಈಗ ಬಾಗಿಲಲ್ಲಿ ಸಾಲು ನಿಲ್ಲುತ್ತಾರೆ.